ಮೂತ್ರಪಿಂಡದಾನಿಯ ನೋವು: ಅದರ ಉಪಶಮನದ ಇತಿಹಾಸ

ಶಸ್ತ್ರವೈದ್ಯನ ಮುಂದೆ ಮಲಗುವವರು ಸಾಮಾನ್ಯವಾಗಿ ರೋಗಿಗಳು. ತಮ್ಮ ದೇಹದ ಕೇಡನ್ನು ಕಳೆದುಕೊಳ್ಳುವುದಕ್ಕಾಗಿ ಅವರು ಗಾಯದ ನೋವನ್ನು ಸಹಿಸುವರು. ಮೂತ್ರಪಿಂಡವನ್ನು ದಾನಮಾಡುವವನ ಸ್ಥಿತಿಯು ಬೇರೆ. ಅವನು ಆರೋಗ್ಯವಂತನಾಗಿ ಆಸ್ಪತ್ರೆಯನ್ನು ಹೊಕ್ಕು ಗಾಯವನ್ನು ಹೊತ್ತು ಹೊರಬರುವನು, ಗುಣವಾಗುವುದು ಇನ್ನೊಬ್ಬನಿಗೆ. ಆದುದರಿಂದ ಅವನ ನೋವನ್ನು ತಗ್ಗಿಸುವುದು ಬರಿಯ ಉಪಚಾರವಲ್ಲ. ವೈದ್ಯಶಾಸ್ತ್ರವು ತೀರಿಸಬೇಕಾದ ಋಣವು. ಆ ಋಣವು ಎಷ್ಟುಮಟ್ಟಿಗೆ ಸಂದಿದೆಯೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

೧೯೫೪ನೆಯ ಡಿಸೆಂಬರ್ ೨೩ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ರೊನಾಲ್ಡ್ ಹೆರಿಕ್ ಎಂಬ ೨೩ ವಯಸ್ಸಿನ ತರುಣನು ತನ್ನ ಅವಳಿ ಸಹೋದರನಾದ ರಿಚರ್ಡನಿಗೆ ಒಂದು ಮೂತ್ರಪಿಂಡವನ್ನು ಕೊಟ್ಟನು. ಹಾರ್ಟ್‌ವೆಲ್ ಹ್ಯಾರಿಸನ್ ಅದನ್ನು ದಾನಿಯಿಂದ ತೆಗೆದನು. ಜೋಸೆಫ್ ಮರೆ ರೋಗಿಯಲ್ಲಿ ಸೇರಿಸಿದನು. ರಿಚರ್ಡನು ಮತ್ತೆ ಎಂಟು ವರ್ಷ ಬದುಕಿದನು. ಭರತಖಂಡದಲ್ಲಿ ಈ ಚಿಕಿತ್ಸೆಯು ೧೯೭೧ರಲ್ಲಿ ವೆಲ್ಲೂರಿನಲ್ಲಿ ಕೈಗೂಡಿತು. ಆ ಕಾಲದಲ್ಲಿ ದಾನಿಯ ಪಕ್ಕೆಯನ್ನು ಉದ್ದವಾಗಿ ಸೀಳಿ, ಮಾಂಸಖಂಡಗಳನ್ನು ಕತ್ತರಿಸಿ, ಕೆಲವೊಮ್ಮೆ ಪಕ್ಕೆಲುಬಿನ ತುಂಡೊಂದನ್ನು ತೆಗೆದು ಮೂತ್ರಪಿಂಡವನ್ನು ಹೊರತೆಗೆಯುತ್ತಿದ್ದರು. ಉಸಿರೆಳೆದರೂ ಕೆಮ್ಮಿದರೂ ಆ ಗಾಯವು ನೋಯುತ್ತಿದ್ದಿತು.

೧೯೯೫ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ರ‍್ಯಾಟ್ನರ್ ಮತ್ತು ಕವೂಸಿ ಎಂಬ ವೈದ್ಯರು ಹೊಸ ಮಾರ್ಗವನ್ನು ಹಿಡಿದರು. ಹೊಟ್ಟೆಯಲ್ಲಿ ಕೆಲವು ಸಣ್ಣ ರಂಧ್ರಗಳನ್ನು ಮಾಡಿ, ಇಂಗಾಲಾಮ್ಲ ವಾಯುವಿನಿಂದ ಅದನ್ನು ಉಬ್ಬಿಸಿ, ದರ್ಶಕನಳಿಗೆಯ ಸಹಾಯದಿಂದ ಮೂತ್ರಪಿಂಡವನ್ನು ಬಿಡಿಸಿ, ಸಣ್ಣದೊಂದು ಸೀಳಿನ ಮೂಲಕ ಈಚೆಗೆ ತೆಗೆಯುವುದೇ ಈ ಕ್ರಮ. ಇದರಿಂದ ನೋವು ತಗ್ಗಿತು, ಆದರೆ ಮಾಯವಾಗಲಿಲ್ಲ. ಚರ್ಮ ಮತ್ತು ಸ್ನಾಯುಗಳ ಗಾಯದ ನೋವು ಒಂದು. ಒಳಗಿನ ಅಂಗಗಳ ನೋವು ಮತ್ತೊಂದು. ವಾಯುವಿನಿಂದ ವಪೆಯು ಕೆರಳಿ ಹೆಗಲಿನಲ್ಲಿ ತೋರುವ ನೋವು ಮೂರನೆಯದು.

ಇದಕ್ಕೆ ಔಷಧವನ್ನು ಆರಿಸುವುದು ಸುಲಭವಲ್ಲ. ಮಾರ್ಫೀನಿನ ವರ್ಗದ ಔಷಧಗಳಿಂದ ಓಕರಿಕೆಯೂ ಮಂಪರವೂ ಉಂಟಾಗಿ ಕರುಳಿನ ಚಲನೆಯು ಮಂದವಾಗುವುದು. ಐಬುಪ್ರೊಫೆನ್ ಮೊದಲಾದವು ಮೂತ್ರಪಿಂಡದ ರಕ್ತಪ್ರವಾಹವನ್ನು ತಗ್ಗಿಸಬಲ್ಲವು. ಒಂದೇ ಮೂತ್ರಪಿಂಡವನ್ನು ಉಳಿಸಿಕೊಂಡವನಿಗೆ ಅವನ್ನು ಕೊಡಲು ವೈದ್ಯರು ಹಿಂಜರಿಯುವರು. ನೋವು ಹುಟ್ಟುವ ಸ್ಥಳದಲ್ಲಿಯೇ ಅದನ್ನು ತಡೆಯುವ ಸ್ಥಾನಿಕ ಅರಿವಳಿಕೆಗೆ ಪ್ರಾಶಸ್ತ್ಯವು ಬಂದುದು ಇದರಿಂದಲೇ.

ಈ ಅರಿವಳಿಕೆಯ ಚರಿತ್ರೆಯು ಹಳೆಯದು. ೧೮೬೦ರಲ್ಲಿ ಜರ್ಮನಿಯ ಆಲ್ಬರ್ಟ್ ನೀಮನ್ ಕೋಕಾ ಎಲೆಯಿಂದ ಕೊಕೇನನ್ನು ಬೇರ್ಪಡಿಸಿ, ಅದು ನಾಲಗೆಯನ್ನು ಜೋಮುಗಟ್ಟಿಸುವುದೆಂದು ಬರೆದಿಟ್ಟನು. ಇಪ್ಪತ್ತನಾಲ್ಕು ವರ್ಷಗಳ ತರುವಾಯ ವಿಯೆನ್ನಾದ ಕಾರ್ಲ್ ಕೊಲ್ಲರನು ಅದನ್ನು ಕಣ್ಣಿನ ಚಿಕಿತ್ಸೆಗೆ ಪ್ರಯೋಗಿಸಿದನು. ಹೈಡೆಲ್‌ಬರ್ಗಿನ ಸಭೆಗೆ ಹೋಗಲು ಅವನಲ್ಲಿ ಹಣವಿರಲಿಲ್ಲ. ಅವನ ಲೇಖನವನ್ನು ಬೇರೊಬ್ಬರು ಓದಿದರು. ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡನು ನರಗಳ ಬಳಿ ಕೊಕೇನನ್ನು ಚುಚ್ಚಿ ಇಡಿಯ ಭಾಗವನ್ನೇ ಮರಗಟ್ಟಿಸಬಹುದೆಂದು ತೋರಿಸಿದನು. ತನ್ನ ಮೇಲೆಯೇ ಪರೀಕ್ಷೆ ನಡೆಸಿ ಅದರ ಚಟಕ್ಕೆ ಸಿಕ್ಕಿ ನರಳಿದನು. ಅವನೇ ಮುಂದೆ ಜಾನ್ಸ್ ಹಾಪ್ಕಿನ್ಸಿನಲ್ಲಿ ಮುಖ್ಯ ಶಸ್ತ್ರವೈದ್ಯನಾದನು. ಶತಮಾನವೊಂದು ಕಳೆದಮೇಲೆ ಹೊಸ ದಾನಮಾರ್ಗವು ತೆರೆದುದು ಆ ಸಂಸ್ಥೆಯಲ್ಲಿಯೇ. ಕೊಕೇನಿನ ದೋಷಗಳಿಲ್ಲದ ಔಷಧಗಳನ್ನು ರಸಾಯನಜ್ಞರು ಅರಸಿದರು: ೧೯೦೪ರಲ್ಲಿ ಐನ್‌ಹಾರ್ನನ ಪ್ರೊಕೇನ್, ೧೯೪೩ರಲ್ಲಿ ಸ್ವೀಡನ್ನಿನ ಲಾಫ್‌ಗ್ರೆನನ ಲಿಡೊಕೇನ್, ೧೯೫೭ರಲ್ಲಿ ಅಲ್ಲಿಯೇ ದೀರ್ಘಕಾಲ ನಿಲ್ಲುವ ಬ್ಯುಪಿವಕೇನ್.

ಈ ಔಷಧಗಳು ನರತಂತುವಿನೊಳಕ್ಕೆ ಸೋಡಿಯಂ ಕಣಗಳು ನುಗ್ಗುವ ದ್ವಾರಗಳನ್ನು ಮುಚ್ಚುವುವು. ವೇದನೆಯ ವಾರ್ತೆಯು ಮೆದುಳನ್ನು ಮುಟ್ಟದು. ದಾನಿಯು ಇನ್ನೂ ನಿದ್ರೆಯಲ್ಲಿರುವಾಗಲೇ ರಂಧ್ರಗಳ ಅಂಚಿಗೂ ಸೀಳಿಗೂ ಇವನ್ನು ಚುಚ್ಚುವರು. ೨೦೦೧ರಿಂದೀಚೆಗೆ ಹೊಟ್ಟೆಯ ಗೋಡೆಯ ಸ್ನಾಯುಪದರಗಳ ನಡುವೆ ನರಗಳು ಹರಿಯುವೆಡೆಯಲ್ಲಿಯೇ ಔಷಧವನ್ನು ಹರಡುವ ಪದ್ಧತಿಯೂ ಬಂದಿದೆ. ಇದರಿಂದ ಮೊದಲ ಕೆಲವು ಗಂಟೆಗಳು ಸಹ್ಯವಾಗುವುವು. ಮಾರ್ಫೀನಿನ ಅಗತ್ಯವನ್ನು ಕಡಿಮೆಮಾಡುವುದೇ ಇದರ ಮುಖ್ಯ ಉದ್ದೇಶ. ಆದರೆ ಇದಕ್ಕೆ ಮಿತಿಯುಂಟು. ಗೋಡೆಗೆ ಚುಚ್ಚಿದ ಔಷಧವು ಒಳಗಿನ ನೋವನ್ನೂ ಹೆಗಲಿನ ನೋವನ್ನೂ ಮುಟ್ಟದು. ಅಳತೆ ಮೀರಿ ರಕ್ತಕ್ಕೆ ಸೇರಿದರೆ ಸೆಳವು ಬರುವುದು, ಹೃದಯವೇ ನಿಲ್ಲಬಹುದು. ಆದುದರಿಂದ ದೇಹದ ತೂಕವನ್ನು ನೋಡಿಯೇ ಪ್ರಮಾಣವನ್ನು ಗೊತ್ತುಮಾಡುವರು.

ಮಗನಿಗೆ ಕೊಟ್ಟ ತಾಯಿಯು, ಅಣ್ಣನಿಗೆ ಕೊಟ್ಟ ತಂಗಿಯು, ಪಡೆದವರ ಮನಸ್ಸು ನೊಂದೀತೆಂದು ತನ್ನ ನೋವನ್ನು ನುಂಗಿಕೊಳ್ಳುವುದುಂಟು. ಸೂಜಿಯ ಮದ್ದಿನ ಬಲವು ಇಳಿದ ಮೇಲೆ ಅಂಥವರನ್ನು ಕೇಳಿ ತಿಳಿಯುವ ಹೊಣೆಯು ವೈದ್ಯರದೂ ಮನೆಯವರದೂ ಆಗಿದೆ. ರೊನಾಲ್ಡ್ ಹೆರಿಕನು ಕೊಟ್ಟಮೇಲೆ ೫೬ ವರ್ಷ ಬದುಕಿ ೨೦೧೦ರಲ್ಲಿ ತೀರಿಕೊಂಡನು. ಅವನ ದಾರಿಯನ್ನು ಹಿಡಿದವರಿಗೆ ಗಾಯವು ತಪ್ಪದು. ಅದರ ನೋವನ್ನಾದರೂ ಹಗುರಮಾಡುವುದು ನಮ್ಮ ಪಾಲಿಗೆ ಉಳಿದ ಕರ್ತವ್ಯ.