ವಿಯೆನ್ನಾ ಒಪ್ಪಂದವೂ ಸಫೇಮಾದ ಅಚ್ಚೂ: ಮಾದಕವಸ್ತು ಹಣದ ಮುಟ್ಟುಗೋಲು ಕಾನೂನಿನ ಮೂಲ

ಅಕ್ರಮ ಹಣ ವರ್ಗಾವಣೆ ತಡೆ ವಿಧೇಯಕಕ್ಕೆ ಲಗತ್ತಿಸಿದ ‘ಉದ್ದೇಶ ಮತ್ತು ಕಾರಣಗಳ ಹೇಳಿಕೆ’ ಒಂದು ವಂಶಾವಳಿಯನ್ನು ಕೊಡುತ್ತದೆ: ಮೊದಲು ಮಾದಕವಸ್ತುಗಳ ಅಕ್ರಮ ಸಾಗಣೆಯ ವಿರುದ್ಧದ ವಿಯೆನ್ನಾ ಒಪ್ಪಂದ, ಬಳಿಕ ಬ್ಯಾಂಕುಗಳಿಗಾಗಿ ಬಾಸೆಲ್ ತತ್ವಗಳು, ಪ್ಯಾರಿಸ್ ಶೃಂಗಸಭೆಯಲ್ಲಿ ಹುಟ್ಟಿದ ಹಣಕಾಸು ಕ್ರಿಯಾ ಕಾರ್ಯಪಡೆಯಾದ ಎಫ್‌ಎಟಿಎಫ್, ಕೊನೆಗೆ ವಿಶ್ವಸಂಸ್ಥೆಯ ಮಹಾಸಭೆಯ 1990 ಮತ್ತು 1998ರ ಘೋಷಣೆಗಳು. (ಬಾಸೆಲ್ ತತ್ವಗಳು 1988ರ ಡಿಸೆಂಬರಿನವು, ಹೇಳಿಕೆ ಅವನ್ನು 1989ಕ್ಕೆ ತಳ್ಳುತ್ತದೆ. ಈ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬಾರದೆನ್ನಲು ಇದೊಂದೇ ಸಾಕು.) ಈ ಹೇಳಿಕೆಯನ್ನು ಹಿಂಬಾಲಿಸಿದ ಬರಹಗಳಲ್ಲಿ ಕಾಲಾನುಕ್ರಮವೇ ಕಾರಣವಾಗಿಬಿಟ್ಟಿದೆ. ಮಾದಕವಸ್ತು ವ್ಯಾಪಾರಿಯ ಆಸ್ತಿಯ ಬೆನ್ನು ಹತ್ತುವುದನ್ನು ಭಾರತ ವಿಯೆನ್ನಾದಿಂದ ಕಲಿಯಿತೆಂಬ ತೀರ್ಮಾನ ಹೀಗೆ ಬೇರೂರಿತು.

1961ರ ಏಕೀಕೃತ ಒಪ್ಪಂದದ 36ನೇ ವಿಧಿ ಆಗಲೇ ‘ಹಣಕಾಸು ವ್ಯವಹಾರ’ಗಳನ್ನು ಅಪರಾಧವೆಂದಿತ್ತು ಎಂದು ವಾದಿಸಿ ಮೂಲವನ್ನು ಇನ್ನೂ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಅವರು ಮರುಪುಟದ 37ನೇ ವಿಧಿಯನ್ನು ಓದಿದಂತಿಲ್ಲ. ಅಲ್ಲಿ ಮುಟ್ಟುಗೋಲಿಗೆ ಒಳಪಡುವುದು ಮಾದಕವಸ್ತು, ಇತರ ಪದಾರ್ಥ ಮತ್ತು ಸಲಕರಣೆ ಮಾತ್ರ. ಗಳಿಸಿದ ಹಣದ ಮಾತೇ ಇಲ್ಲ.

ಸಾಕ್ಷ್ಯವಿರುವುದು ನಮ್ಮದೇ ಶಾಸನಪುಸ್ತಕದಲ್ಲಿ. 1985ರ ಮಾದಕವಸ್ತು ಮತ್ತು ಮನೋಪರಿಣಾಮಕಾರಿ ವಸ್ತುಗಳ (ಎನ್‌ಡಿಪಿಎಸ್) ಕಾಯ್ದೆಗೆ ಆಸ್ತಿ ಮುಟ್ಟುಗೋಲಿನ 5ಎ ಅಧ್ಯಾಯ ಸೇರಿದ್ದು 1989ರ 2ನೇ ಕಾಯ್ದೆಯಿಂದ. ಅದರ ಪಕ್ಕದಲ್ಲಿ 1976ರ ಕಳ್ಳಸಾಗಣೆದಾರರ ಮತ್ತು ವಿದೇಶಿ ವಿನಿಮಯ ವಂಚಕರ ಆಸ್ತಿ ಮುಟ್ಟುಗೋಲು ಕಾಯ್ದೆಯನ್ನು, ಎಂದರೆ ಸಫೇಮಾವನ್ನು, ಇಟ್ಟು ಓದಬೇಕು. ಸಫೇಮಾದ 6ನೇ ಕಲಂ ಮುಟ್ಟುಗೋಲಿನ ನೋಟಿಸು, 7 ಮುಟ್ಟುಗೋಲು, 8 ರುಜುವಾತು ಭಾರ, 9 ಮುಟ್ಟುಗೋಲಿಗೆ ಬದಲಾಗಿ ದಂಡ, 10 ಟ್ರಸ್ಟ್ ಆಸ್ತಿ, 11 ಅನೂರ್ಜಿತ ವರ್ಗಾವಣೆ, 12 ಮೇಲ್ಮನವಿ ನ್ಯಾಯಮಂಡಳಿ. ಎನ್‌ಡಿಪಿಎಸ್‌ನ 68ಎಚ್‌ನಿಂದ 68ಎನ್‌ವರೆಗಿನ ಏಳು ಕಲಂಗಳಲ್ಲೂ ಇವೇ ಏಳು ವಿಷಯಗಳು, ಇದೇ ಸರಣಿಯಲ್ಲಿ. 68ಜೆ ಮತ್ತು ಸಫೇಮಾದ 8ನೇ ಕಲಂ ನಡುವೆ ಬದಲಾಗಿರುವುದು ಬಹುತೇಕ ಉಲ್ಲೇಖಿತ ಕಲಂನ ಸಂಖ್ಯೆ ಮಾತ್ರ. ಬಂಧುಗಳು ಮತ್ತು ಸಹಚರರ ಹೆಸರಿನ ಆಸ್ತಿಗೂ ಕೈಚಾಚುವ ವ್ಯಾಪ್ತಿ ಎರಡರಲ್ಲೂ ಒಂದೇ. ಇದನ್ನು ಆಕಸ್ಮಿಕ ಹೋಲಿಕೆ ಎನ್ನುವವರು ಎರಡು ಕಾಯ್ದೆಗಳನ್ನೂ ಒಟ್ಟಿಗೆ ತೆರೆದು ನೋಡಿದವರಲ್ಲ.

ತುರ್ತು ಪರಿಸ್ಥಿತಿಯಲ್ಲಿ ಸುಗ್ರೀವಾಜ್ಞೆಯಾಗಿ ಹುಟ್ಟಿದ ಸಫೇಮಾದ ಗುರಿ ಕಳ್ಳಸಾಗಣೆಯ ಸಾಹುಕಾರರು. ಅದನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅಮೃತ್‌ಲಾಲ್ ಪ್ರಜೀವನ್‌ದಾಸ್ ಪ್ರಕರಣದಲ್ಲಿ ಎತ್ತಿಹಿಡಿದದ್ದು 1994ರಲ್ಲಿ. ಆ ಹೊತ್ತಿಗೆ ಅದರ ಅಚ್ಚು ಮಾದಕವಸ್ತು ಕಾನೂನಿಗೆ ಬಂದು ಐದು ವರ್ಷ ಕಳೆದಿತ್ತು.

ಇಲ್ಲೊಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ವಿಯೆನ್ನಾ ಒಪ್ಪಂದ ಅಂಗೀಕಾರವಾದದ್ದು 1988ರ ಡಿಸೆಂಬರಿನಲ್ಲಿ; 5ಎ ಅಧ್ಯಾಯ ಜಾರಿಗೆ ಬಂದದ್ದು 1989ರ ಮೇ 29ರಂದು. ಹಾಗಾದರೆ ಪ್ರೇರಣೆ ವಿಯೆನ್ನಾದ್ದೇ ಅಲ್ಲವೇ? ಭಾಗಶಃ ಹೌದು. ಆಸ್ತಿಯ ಜಾಡು ಹಿಡಿದು ಗುರುತಿಸುವ 68ಇ, ಅದನ್ನು ವಶಪಡಿಸಿಕೊಳ್ಳುವ ಅಥವಾ ಸ್ತಂಭನಗೊಳಿಸುವ 68ಎಫ್ ಸಫೇಮಾದಲ್ಲಿಲ್ಲದ ಸೇರ್ಪಡೆಗಳು. ಒಪ್ಪಂದದ 5ನೇ ವಿಧಿಯ 2ನೇ ಉಪವಿಧಿಯ ಧ್ವನಿ ಅವುಗಳಲ್ಲಿ ಸ್ಪಷ್ಟ. ಒಪ್ಪಂದದ ಕರಡು ಸಿದ್ಧಪಡಿಸುವಂತೆ ಮಹಾಸಭೆ 1984ರಲ್ಲೇ ಸೂಚಿಸಿದ್ದರಿಂದ ಆ ಚರ್ಚೆ ದೆಹಲಿಯ ಅಧಿಕಾರಿಗಳಿಗೆ ಹೊಸದಲ್ಲ. ಆದರೆ ಭಾರತ ಒಪ್ಪಂದಕ್ಕೆ ಸೇರಿದ್ದು 1990ರ ಮಾರ್ಚಿನಲ್ಲಿ, ಒಪ್ಪಂದ ಜಾರಿಗೆ ಬಂದದ್ದು ಅದೇ ನವೆಂಬರಿನಲ್ಲಿ. ಅಧ್ಯಾಯ ಜಾರಿಯಾದಾಗ ಭಾರತದ ಮೇಲೆ ಒಪ್ಪಂದದ ಯಾವ ಬಾಧ್ಯತೆಯೂ ಇರಲಿಲ್ಲ. ತ್ವರೆ ವಿಯೆನ್ನಾದ್ದಿರಬಹುದು; ಕಟ್ಟಡ ದೆಹಲಿಯದು.

ವಿಯೆನ್ನಾದ ನಿಜವಾದ ಹೊಸತನವಿರುವುದು ಬೇರೆಡೆ. ಹಣದ ಮೂಲವನ್ನು ಮರೆಮಾಚುವ ವ್ಯವಹಾರವನ್ನೇ ಸ್ವತಂತ್ರ ಅಪರಾಧವಾಗಿಸಿದ 3ನೇ ವಿಧಿ, ಬ್ಯಾಂಕ್ ಗೋಪ್ಯತೆಯ ನೆಪವನ್ನು ತಳ್ಳಿಹಾಕಿದ 5ನೇ ವಿಧಿಯ 3ನೇ ಉಪವಿಧಿ: ಇವು ಸಫೇಮಾಕ್ಕೆ ಗೊತ್ತಿರಲಿಲ್ಲ. ವಿಚಿತ್ರವೆಂದರೆ, ಇವುಗಳಲ್ಲಿ ಮೊದಲನೆಯದಕ್ಕೆ ಪ್ರತ್ಯೇಕ ಕಾಯ್ದೆಯ ರೂಪ ಕೊಟ್ಟು ಜಾರಿಗೊಳಿಸಲು ಭಾರತ 2005ರ ಜುಲೈವರೆಗೆ ಕಾಯಿತು. ಎರವಲು ತರಬೇಕಾದದ್ದಕ್ಕೆ ಹದಿನೈದು ವರ್ಷ, ಮನೆಯಲ್ಲೇ ಇದ್ದದ್ದಕ್ಕೆ ಕೆಲವೇ ತಿಂಗಳು.

ಈ ವ್ಯತ್ಯಾಸ ಬರೀ ಪಾಂಡಿತ್ಯದ ಜಗಳವಲ್ಲ. ರುಜುವಾತು ಭಾರವನ್ನು ತಿರುಗಿಸುವ ವಿಷಯದಲ್ಲಿ ವಿಯೆನ್ನಾದ 5ನೇ ವಿಧಿಯ 7ನೇ ಉಪವಿಧಿ ರಾಷ್ಟ್ರಗಳು ‘ಪರಿಗಣಿಸಬಹುದು’ ಎಂದಷ್ಟೇ ಹೇಳುತ್ತದೆ, ಅದೂ ದೇಶೀಯ ಕಾನೂನಿನ ತತ್ವಗಳಿಗೆ ಹೊಂದುವ ಮಟ್ಟಿಗೆ, ಅದೂ ಆಸ್ತಿಯ ಮುಟ್ಟುಗೋಲಿಗೆ ಸಂಬಂಧಿಸಿ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ 24ನೇ ಕಲಂ ಆ ಭಾರವನ್ನು ಅಪರಾಧದ ಆರೋಪಿಯ ಹೆಗಲಿಗೇ ಹೊರಿಸಿತು. ತಿದ್ದುಪಡಿಯಾದ ಆ ಕಲಮನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದು ಸಿಂಧುವೇ ಅಲ್ಲವೇ ಎಂಬುದು ವಕೀಲರ ಪ್ರಶ್ನೆ. ಇತಿಹಾಸಕಾರನ ಪ್ರಶ್ನೆ ಕರ್ತೃತ್ವದ್ದು: ಕಾನೂನಿನ ಈ ಕಾಠಿಣ್ಯವನ್ನು ಅಂತರರಾಷ್ಟ್ರೀಯ ಬಾಧ್ಯತೆಯ ಖಾತೆಗೆ ಬರೆಯಲು ದಾಖಲೆಗಳು ಬಿಡುವುದಿಲ್ಲ. ವಿಯೆನ್ನಾ ಐಚ್ಛಿಕವೆಂದದ್ದನ್ನು ನಮ್ಮ ಸಂಸತ್ತು ಹನ್ನೆರಡು ವರ್ಷ ಮೊದಲೇ ಸಫೇಮಾದ 8ನೇ ಕಲಂನಲ್ಲಿ ಕಡ್ಡಾಯ ಮಾಡಿತ್ತು.