ತೋಳಿನೊಳಗಿನ ಕಡ್ಡಿ: ಹಾಕಿಸೋದು ಸುಲಭ, ತೆಗೆಸೋದು?

ಶುಕ್ರವಾರ ಸಂಜೆ ರಿಲೀಸ್ ಇದೆ ಅಂದ ತಕ್ಷಣ ನಾವು ಸಾಫ್ಟ್‌ವೇರ್‌ನವರು ಕೇಳೋ ಮೊದಲ ಪ್ರಶ್ನೆ: ಏನಾದ್ರೂ ಎಡವಟ್ಟಾದ್ರೆ ರೋಲ್‌ಬ್ಯಾಕ್ ಹೇಗೆ? ಇವತ್ತಿನ ಕಥೆಯ ತಿರುಳೂ ಅದೇ ಪ್ರಶ್ನೆ. ವಿಷಯ, ಹೆಂಗಸರ ತೋಳಿನ ಚರ್ಮದ ಕೆಳಗೆ ಕೂರಿಸುವ ಗರ್ಭನಿರೋಧಕ ಇಂಪ್ಲಾಂಟ್.

ಶುರುವಾಗಿದ್ದು 1960ರ ದಶಕದಲ್ಲಿ. ಸಿಲಿಕೋನ್ ರಬ್ಬರಿನ ಕೊಳವೆಯೊಳಗೆ ಔಷಧಿ ತುಂಬಿಟ್ಟರೆ ಅದು ನಿಧಾನವಾಗಿ ಹೊರಗೆ ಜಿನುಗುತ್ತೆ ಅನ್ನೋದು ಆಗ ಗೊತ್ತಾಗಿತ್ತು. ಪಾಪ್ಯುಲೇಷನ್ ಕೌನ್ಸಿಲ್‌ನ ಶೆಲ್ಡನ್ ಸೀಗಲ್ ಮತ್ತು ಚಿಲಿ ದೇಶದ ಹೊರಾಸಿಯೊ ಕ್ರೊಕ್ಸಾಟ್ಟೊ ಇದನ್ನೇ ಗರ್ಭನಿರೋಧಕ್ಕೆ ಬಳಸಬಹುದಲ್ಲ ಅಂತ ಹೊರಟರು. ಹಾಗೆ ಬಂದದ್ದು ನಾರ್‌ಪ್ಲಾಂಟ್. ಬೆಂಕಿಕಡ್ಡಿಯಂಥ ಆರು ಕೊಳವೆ, ಒಳಗೆ ಲೆವೊನಾರ್ಜೆಸ್ಟ್ರೆಲ್ ಹಾರ್ಮೋನ್, ಐದು ವರ್ಷ ಚಿಂತೆಯಿಲ್ಲ. 1983ರಲ್ಲಿ ಫಿನ್ಲೆಂಡ್ ಮೊದಲು ಒಪ್ಪಿಗೆ ಕೊಟ್ಟಿತು, 1990ರ ಡಿಸೆಂಬರ್‌ನಲ್ಲಿ ಅಮೆರಿಕ.

ಆಮೇಲೆ ಆಗಿದ್ದು ನೋಡಿ. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಎರಡೇ ದಿನಕ್ಕೆ ಫಿಲಡೆಲ್ಫಿಯಾದ ಒಂದು ದೊಡ್ಡ ಪತ್ರಿಕೆ, ಬಡತನ ಕಡಿಮೆ ಮಾಡಲು ಇದನ್ನು ಬಳಸಬಹುದು ಅಂತ ಸಂಪಾದಕೀಯ ಬರೆಯಿತು. ಜನ ಸಿಟ್ಟಾದ ಮೇಲೆ ಕ್ಷಮೆ ಕೇಳಿತು. 1991ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರು ಮಕ್ಕಳನ್ನು ಹೊಡೆದ ತಾಯಿಗೆ ಶಿಕ್ಷೆಯ ಷರತ್ತಾಗಿ ನಾರ್‌ಪ್ಲಾಂಟ್ ಹಾಕಿಸಿಕೊಳ್ಳಲು ಹೇಳಿದರು. ಕನ್ಸಾಸ್‌ನಲ್ಲಿ, ಸರ್ಕಾರಿ ನೆರವು ಪಡೆಯುವ ಹೆಂಗಸರು ಹಾಕಿಸಿಕೊಂಡರೆ 500 ಡಾಲರ್ ಕೊಡೋಣ ಅನ್ನೋ ಮಸೂದೆಯೂ ಬಂತು. ಇಂಥ ಬಲವಂತವನ್ನು ಸ್ವತಃ ಸೀಗಲ್ ಅವರೇ ಬಹಿರಂಗವಾಗಿ ವಿರೋಧಿಸಿದರು.

ಇನ್ನೊಂದು ಸಮಸ್ಯೆ ತೆಗೆಯೋದರದ್ದು. ಕೊಳವೆ ಆಳಕ್ಕೆ ಹೋಗಿದ್ದರೆ ಹುಡುಕಿ ತೆಗೆಯೋಕೆ ಪಳಗಿದ ಕೈ ಬೇಕು. ಹಾಕೋಕೆ ಕಲಿತವರೆಲ್ಲ ತೆಗೆಯೋಕೆ ಕಲಿತಿರಲಿಲ್ಲ. ಅಮೆರಿಕದಲ್ಲಿ ಸಾವಿರಾರು ಹೆಂಗಸರು ಕೋರ್ಟಿಗೆ ಹೋದರು. 2002ರಲ್ಲಿ ಅಲ್ಲಿ ಮಾರಾಟ ನಿಂತೇ ಹೋಯಿತು.

ನಮ್ಮಲ್ಲಿ? ಹೈದರಾಬಾದಿನಲ್ಲಿರುವವರಿಗೆ ಪಟಾನ್‌ಚೆರು ಗೊತ್ತಲ್ವಾ, ಅಲ್ಲಿಯದೇ ಕಥೆ. ಅದು ಇಂಪ್ಲಾಂಟ್ ಅಲ್ಲ, ನೆಟ್-ಎನ್ ಅನ್ನೋ ಗರ್ಭನಿರೋಧಕ ಇಂಜೆಕ್ಷನ್. 1985ರಲ್ಲಿ ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಬಂದ ಹೆಂಗಸರಿಗೆ ತಾವು ಪ್ರಯೋಗದಲ್ಲಿ ಸೇರುತ್ತಿದ್ದೇವೆ ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ. ಮರುವರ್ಷ ಸ್ತ್ರೀ ಶಕ್ತಿ ಸಂಘಟನ, ದೆಹಲಿಯ ಸಹೇಲಿ ಮುಂತಾದವರು ಸುಪ್ರೀಂ ಕೋರ್ಟಿಗೆ ಹೋದರು. ಚುಚ್ಚಿದ ಇಂಜೆಕ್ಷನ್ ವಾಪಸ್ ತೆಗೆಯೋಕಾಗಲ್ಲ, ಹಾಗಾಗಿ ಮೊದಲೇ ತಿಳಿಸಿ, ಒಪ್ಪಿಗೆ ಪಡೆಯಬೇಕು ಅನ್ನೋದು ಅವರ ವಾದದ ಜೀವಾಳ.

ಇಂಪ್ಲಾಂಟೂ ಬದಲಾಯಿತು. 1998ರಿಂದ ಬಂದ ಇಂಪ್ಲಾನಾನ್‌ನಲ್ಲಿ ಆರರ ಬದಲು ಒಂದೇ ಕಡ್ಡಿ: 4 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಅದರ ನಂತರದ ನೆಕ್ಸ್‌ಪ್ಲಾನಾನ್ ಎಕ್ಸ್‌ರೇಯಲ್ಲೂ ಕಾಣುತ್ತೆ. ಕಡ್ಡಿ ಎಲ್ಲಿ ಹೋಯ್ತು ಅನ್ನೋ ಹಳೇ ತಲೆನೋವಿಗೆ ಅದೇ ಉತ್ತರ. ಈಗ ನಮ್ಮ ಸರ್ಕಾರದ ಕುಟುಂಬ ಯೋಜನೆಯಲ್ಲೂ ಒಂಟಿ ಕಡ್ಡಿ ಹಂತಹಂತವಾಗಿ ಬರ್ತಾ ಇದೆ, ಕರ್ನಾಟಕವೂ ಸೇರಿ.

ಹಾಕಿಸುವಾಗ ಏನಾಗುತ್ತೆ? ಸಾಮಾನ್ಯವಾಗಿ ಎಡಗೈ ತೋಳಿನ ಒಳಭಾಗಕ್ಕೆ (ಎಡಚರಿಗೆ ಬಲಗೈ) ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕೆಲವೇ ನಿಮಿಷದಲ್ಲಿ ಕಡ್ಡಿ ಕೂರಿಸ್ತಾರೆ. ಬೆರಳಿಟ್ಟರೆ ಕಡ್ಡಿ ಕೈಗೆ ಸಿಗಬೇಕು. ಸಿಗದಿದ್ದರೆ ಅಲ್ಲೇ ಹೇಳಿ. ಕೆಲವು ದಿನ ನೋವು, ಕಂದು ಇರಬಹುದು. ಮುಟ್ಟು ಏರುಪೇರಾಗೋದು ಮಾಮೂಲು; ತುಂಬಾ ಜನ ತೆಗೆಸೋದು ಅದಕ್ಕೇ. ಲೈಂಗಿಕ ರೋಗಗಳಿಂದ ಇದು ಕಾಪಾಡಲ್ಲ, ಅದಕ್ಕೆ ಕಾಂಡೋಮೇ ಬೇಕು. ತೆಗೆಸಿದ ಮೇಲೆ ಬೇಗ ಗರ್ಭ ನಿಲ್ಲಬಹುದು.

ಡಾಕ್ಟರ ಹತ್ತಿರ ಹೋಗೋ ಮುಂಚೆ ಎರಡು ಪ್ರಶ್ನೆ ಬರ್ಕೊಳ್ಳಿ. ಇದನ್ನು ಯಾರು ತೆಗೀತಾರೆ? ಅವಧಿಗೆ ಮುಂಚೆಯೇ ಬೇಡ ಅನಿಸಿದರೆ, ಕಾರಣ ಕೇಳದೆ ತೆಗೀತೀರಾ? ನಾವಂತೂ ಪುಣೆಯಿಂದ ಚೆನ್ನೈಗೆ, ಚೆನ್ನೈಯಿಂದ ದೆಹಲಿಗೆ ಊರು ಬದಲಿಸ್ತಾನೇ ಇರ್ತೀವಿ. ಹಾಕಿದ ತಾರೀಖಿನ ಕಾರ್ಡು ಜೋಪಾನವಾಗಿಡಿ. ಮನೆಯವರ ಒತ್ತಾಯಕ್ಕೂ ಬೇಡ, ಹೆದರಿಕೆಯಿಂದಲೂ ಬೇಡ. ತೋಳು ಯಾರದೋ, ತೀರ್ಮಾನವೂ ಅವರದೇ.

ಮತ್ತೆ ಸಿಗೋಣ.