ಸಿ.ವಿ. ಜಾಯಿಂಟ್ ಬೂಟ್

ಸಿ.ವಿ. ಜಾಯಿಂಟ್ ಬೂಟ್ ಎಂಬುದು ಎ.ಟಿ.ವಿ. ಹಾಗೂ ಮಾರುತಿ 800ರಂತಹ ಮುಂಚಕ್ರ ಚಾಲನೆಯ ಕಾರುಗಳ ಆಕ್ಸಲ್ ಕೀಲನ್ನು ಮುಚ್ಚುವ, ಮಡಿಕೆಗಳುಳ್ಳ ರಬ್ಬರ್ ಕವಚ. ಇದು ಗ್ರೀಸನ್ನು ಒಳಗೆ ಹಿಡಿದಿಟ್ಟು ಧೂಳು, ನೀರುಗಳನ್ನು ಹೊರಗಿಡುತ್ತದೆ. ಸುಣ್ಣಕಲ್ಲಿನ ಗಣಿಗಳೂ ಸಿಮೆಂಟ್ ಕಾರ್ಖಾನೆಯೂ ಇರುವ ವಾಡಿಯಂತಹ ಊರುಗಳಲ್ಲಿ ಬೂಟ್ ಹರಿದರೆ, ಕಲ್ಲಿನ ಪುಡಿ ಗ್ರೀಸಿನೊಡನೆ ಬೆರೆತು ಕೀಲಿನ ಗುಂಡುಗಳನ್ನೂ ಅವು ಓಡುವ ಜಾಡುಗಳನ್ನೂ ಸವೆಸುತ್ತದೆ.

ಲಕ್ಷಣಗಳು

ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿರುವುದು ಮೊದಲ ಸೂಚನೆ. ತಿರುವಿನಲ್ಲಿ ಕಟಕಟ ಸದ್ದು ಕೇಳಿಸಿದರೆ ಕೀಲೇ ಸವೆದಿರುವ ಸಂಭವ ಹೆಚ್ಚು. ಆಗ ಬೂಟ್ ಮಾತ್ರ ಬದಲಿಸಿದರೆ ಸಾಲದು.

ಬದಲಾವಣೆ

ವಾಹನವನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನೂ ಆಕ್ಸಲನ್ನೂ ಬಿಚ್ಚಬೇಕು. ಕ್ಲಿಪ್‌ಗಳನ್ನು ಕತ್ತರಿಸಿ, ಕೀಲನ್ನು ಕಳಚಿ, ಹಳೆಯ ಗ್ರೀಸನ್ನು ಪೂರ್ತಿಯಾಗಿ ತೆಗೆಯಬೇಕು. ಹೊಸ ಬೂಟನ್ನು ಆಕ್ಸಲಿಗೆ ಏರಿಸಿದ ನಂತರವೇ ಕೀಲನ್ನು ಮರುಜೋಡಿಸಿ, ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಗ್ರೀಸನ್ನು ತಯಾರಕರು ಸೂಚಿಸಿದಷ್ಟು ತುಂಬಿ, ಹೊಸ ಕ್ಲಿಪ್‌ಗಳಿಂದ ಬಿಗಿಯಲಾಗುತ್ತದೆ.